ಅಂಕದ ಜೊತೆ ಒಂದು ಸಾಲು ಬರೆಯಿರಿ

ಮಾನ್ಯರೇ,

ಕೇರಳದಲ್ಲಿ 2024-25ರಿಂದ ಎಂಟನೇ ತರಗತಿಯಲ್ಲಿ ಪಾಸಾಗಲು ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲೂ ಕನಿಷ್ಠ ಶೇ 30 ಅಂಕ ಬೇಕು. ಬಾರದವರಿಗೆ ವಿಶೇಷ ತರಗತಿ, ಮತ್ತೆ ಪರೀಕ್ಷೆ. ಇದು ಒಳ್ಳೆಯದೇ. ಆದರೆ ವರ್ಷದ ಕೊನೆಯ ಪರೀಕ್ಷೆ ಬೇರೆ, ಪಾಠದ ನಡುವಿನ ಕಿರುಪರೀಕ್ಷೆ ಬೇರೆ ಅಲ್ವಾ? ಮೊದಲನೆಯದು ಮಗು ಎಷ್ಟು ಕಲಿತಿದೆ ಎಂದು ಅಳೆಯುತ್ತದೆ, ಎರಡನೆಯದು ಮಗು ಎಲ್ಲಿ ಎಡವಿದೆ ಎಂದು ತೋರಿಸಬೇಕು.

ನನ್ನ ಮಗಳ ಗಣಿತದ ಕಿರುಪರೀಕ್ಷೆ ಹತ್ತಕ್ಕೆ ನಾಲ್ಕು ಎಂಬ ಕೆಂಪು ಗುರುತಿನೊಂದಿಗೆ ಮನೆಗೆ ಬಂತು. ಬೇರೇನೂ ಬರೆದಿರಲಿಲ್ಲ. ಕೂತು ನೋಡಿದೆ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು, ಅಷ್ಟೇ. ರೊಟ್ಟಿ ಮುರಿದು ತೋರಿಸಿದೆ. ಹತ್ತು ನಿಮಿಷದಲ್ಲಿ ಅರ್ಥವಾಯಿತು.

ನಮ್ಮ ಮಂಜೇಶ್ವರದಲ್ಲಿ ಮನೆಮಾತು ತುಳು, ಬ್ಯಾರಿ, ಮಲಯಾಳಂ ಆಗಿದ್ದು ಕನ್ನಡದಲ್ಲಿ ಓದುವ ಮಕ್ಕಳು ಜಾಸ್ತಿ. ಅವರಿಗೆ ಲೆಕ್ಕ ಗೊತ್ತಿಲ್ಲವೋ, ಪ್ರಶ್ನೆಯ ಒಂದು ಪದ ಗೊತ್ತಿಲ್ಲವೋ? ಬಾಯಿಬಿಟ್ಟು ಕೇಳಿದರಷ್ಟೇ ತಿಳಿಯುತ್ತದೆ.

ಶಿಕ್ಷಕರೇ, ಕಿರುಪರೀಕ್ಷೆಯಲ್ಲಿ ಅಂಕ ಬಿಟ್ಟರೂ ಪರವಾಗಿಲ್ಲ. ತಪ್ಪಿದ್ದೆಲ್ಲಿ ಎಂದು ಒಂದು ಸಾಲು ಬರೆಯಿರಿ.

– ಒಬ್ಬ ತಾಯಿ, ಮಂಜೇಶ್ವರ