ಹಳೆ ಜೀಪಿಗೆ ಪೇಂಟ್ ಆಮೇಲೆ, ಮೊದಲು ಸ್ಟೀರಿಂಗ್ ಬಾಕ್ಸ್ ನೋಡಿ

ಮಾನ್ಯ ಸಂಪಾದಕರೇ,

ಹಳೆ ಜೀಪು ಕೊಂಡು ಹೊಸದರಂತೆ ಮಾಡಿಸುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಪೇಂಟು, ಹುಡ್, ಸೀಟು, ಅಗಲದ ಟೈರು ಎಲ್ಲದರ ಬಗ್ಗೆಯೂ ಬರೆದಿದ್ದೀರಿ. ಸ್ಟೀರಿಂಗ್ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಮೂಡಿಗೆರೆಯಲ್ಲಿ ಅಪ್ಪನ ಕಾಲದಿಂದ ಜೀಪ್ ರಿಪೇರಿ ಮಾಡಿಕೊಂಡು ಬಂದವನು ನಾನು. ಅದಕ್ಕೇ ಈ ಪತ್ರ.

ಅಮೆರಿಕದಲ್ಲಿ 1968ಕ್ಕೇ ನಿಂತುಹೋದ ಸಿಜೆ-3ಬಿ ಜೀಪನ್ನು ನಮ್ಮಲ್ಲಿ ಮಹೀಂದ್ರಾದವರು ಅದಾದ ಮೇಲೂ ಬಹಳ ವರ್ಷ ತಯಾರಿಸಿದರು. ಹಾಗಾಗಿಯೇ ಮಲೆನಾಡಿನ ತೋಟಗಳಲ್ಲಿ ಇವತ್ತಿಗೂ ಇಷ್ಟೊಂದು ಜೀಪುಗಳಿವೆ, ಸ್ಪೇರ್ ಕೂಡ ಸಿಗುತ್ತದೆ. ಈಗ ಬೆಂಗಳೂರಿನ ಹುಡುಗರೂ ಇವನ್ನು ಹುಡುಕಿಕೊಂಡು ಬರುತ್ತಾರೆ. ಕೊಳ್ಳುವಾಗ ಎಂಜಿನ್ ಶಬ್ದ ಕೇಳುತ್ತಾರೆ, ತುಕ್ಕು ನೋಡುತ್ತಾರೆ. ಸ್ಟೀರಿಂಗ್‌ನಲ್ಲಿ ಪ್ಲೇ (ತಿರುಗಿಸಿದರೂ ಟೈರ್ ಅಲುಗದಷ್ಟು ಸಡಿಲ) ಇದ್ದರೆ "ಹಳೆ ಜೀಪು ಅಂದ್ರೆ ಹಾಗೇ" ಅಂತ ಸುಮ್ಮನಾಗುತ್ತಾರೆ. ಹಾಗೇನಿಲ್ಲ. ಸರಿಯಾಗಿರುವ ಜೀಪು ನೆಟ್ಟಗೆ ಹೋಗುತ್ತದೆ.

ಅಂಬಾಸಿಡರ್ ಕಾರಿನ ಸ್ಟೀರಿಂಗ್‌ಗೆ ರ್‍ಯಾಕ್, ಅಂದರೆ ಹಲ್ಲಿನ ಪಟ್ಟಿ ಇತ್ತು. ಜೀಪಿಗೆ ಇರುವುದು ಬಾಕ್ಸ್. ಸ್ಟೀರಿಂಗ್ ಶಾಫ್ಟಿನ ಕೆಳತುದಿಯಲ್ಲಿ ತಿರುಪಿನಂಥ ಗ್ರೂವ್ ಇರುವ ವರ್ಮ್, ಅದಕ್ಕೆ ಅಡ್ಡವಾಗಿ ಸೆಕ್ಟರ್ ಶಾಫ್ಟ್. ಸೆಕ್ಟರ್ ಶಾಫ್ಟಿನ ತಲೆಯಲ್ಲಿ ಎರಡು ಪಿನ್. ಪಿನ್‌ಗಳು ಗ್ರೂವಿನೊಳಗೆ ಓಡಾಡಿ ಬಾಕ್ಸಿನ ಹೊರಗಿರುವ ಡ್ರಾಪ್ ಆರ್ಮ್ ಎಂಬ ತೋಳನ್ನು ತಿರುಗಿಸುತ್ತವೆ. ಗಾಡಿ ನೇರ ಹೋಗುವಾಗ ಹಿಡಿತ ಚೆನ್ನಾಗಿರಲಿ ಅಂತ ಗ್ರೂವಿನ ನಡುಭಾಗವನ್ನು ಕಂಪನಿಯಲ್ಲೇ ಸ್ವಲ್ಪ ಬಿಗಿ ಮಾಡಿರುತ್ತಾರೆ. ಗಾಡಿ ಹೆಚ್ಚಿನ ಹೊತ್ತು ಓಡುವುದು ನೇರಕ್ಕೇ ಅಲ್ವಾ? ಸವೆಯುವುದೂ ಆ ನಡುಭಾಗವೇ. ಎರಡು ತುದಿ ಹೊಸದರಂತೆಯೇ ಉಳಿದಿರುತ್ತವೆ.

ಅನಾಹುತ ಶುರುವಾಗುವುದು ಇಲ್ಲಿಂದ. ಬಾಕ್ಸಿನ ಪಕ್ಕದ ಕವರಿನಲ್ಲಿ ಒಂದು ಅಡ್ಜಸ್ಟಿಂಗ್ ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಇದೆ. ಪ್ಲೇ ಜಾಸ್ತಿ ಅಂದ ಕೂಡಲೇ ಆ ಸ್ಕ್ರೂ ಬಿಗಿ ಮಾಡಿ ಕಳಿಸುವ ಗ್ಯಾರೇಜುಗಳಿವೆ. ಐದು ನಿಮಿಷದ ಕೆಲಸ. ನೇರ ರಸ್ತೆಯಲ್ಲಿ ಪ್ಲೇ ಹೋದಂತೆ ಕಾಣುತ್ತದೆ, ಗಿರಾಕಿಗೂ ಸಮಾಧಾನ. ಆದರೆ ತಿರುವಿನಲ್ಲಿ ಪಿನ್‌ಗಳು ಸವೆಯದ ಜಾಗಕ್ಕೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗೆ ಬಿಗಿ ಮಾಡಿಸಿಕೊಂಡ ಜೀಪೊಂದು ಹೋದ ಮಳೆಗಾಲ ನನ್ನ ಹತ್ತಿರ ಬಂತು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರಲಿಲ್ಲವಂತೆ. ಡ್ರೈವರ್ ಎರಡೂ ಕೈಯಲ್ಲಿ ಎಳೆದು ನೆಟ್ಟಗೆ ಮಾಡಿದನಂತೆ. ಎದುರಿಗೆ ಬಸ್ಸು ಬಂದಿದ್ದರೆ?

ಬಾಕ್ಸ್ ಬಿಚ್ಚಿ ಟೇಬಲ್ ಮೇಲಿಟ್ಟೆ. ಒಳಗೆ ಆಯಿಲ್ ಇರಲೇ ಇಲ್ಲ. ಯಾರೋ ಗ್ರೀಸ್ ತುಂಬಿದ್ದರು. ಸೀಲ್ ಸೋರುತ್ತದೆ ಅಂತ ಗ್ರೀಸ್ ತುಂಬುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಪಿನ್ ಒಮ್ಮೆ ತಳ್ಳಿದ ಗ್ರೀಸ್ ಪಕ್ಕದಲ್ಲೇ ನಿಂತುಬಿಡುತ್ತದೆ, ವಾಪಸ್ ಬರುವುದಿಲ್ಲ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ದುಂಡಗಿರಬೇಕಾದ ಪಿನ್‌ಗಳ ಒಂದು ಮಗ್ಗುಲು ಚಪ್ಪಟೆಯಾಗಿ ಹೊಳೆಯುತ್ತಿತ್ತು. ಅಷ್ಟೇ ಅಲ್ಲ, ಹಿಂದೆ ಯಾರೋ ಆ ಪಿನ್‌ಗೆ ವೆಲ್ಡಿಂಗ್ ತುಂಬಿ ಗ್ರೈಂಡ್ ಮಾಡಿದ್ದರು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ವೆಲ್ಡಿಂಗ್ ಕಾವಿಗೆ ಪಿನ್ನಿನ ಗಟ್ಟಿತನ ಹೋಗುತ್ತದೆ, ಶಾಫ್ಟ್ ಬಿರುಕು ಬಿಡಬಹುದು. ಆ ಶಾಫ್ಟ್ ತುಂಡಾದರೆ ಬ್ರೇಕ್ ಎಷ್ಟು ಚೆನ್ನಾಗಿದ್ದರೇನು?

ಹಾಗಂತ ಪ್ಲೇ ಇದೆ ಎಂದ ಮಾತ್ರಕ್ಕೆ ಬಾಕ್ಸ್ ಬಿಚ್ಚುವುದೂ ತಪ್ಪು. ಒಬ್ಬರು ಸ್ಟೀರಿಂಗನ್ನು ನಿಧಾನ ಆಚೀಚೆ ಆಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ನೋಡಲಿ. ಸ್ಟೀರಿಂಗ್ ವೀಲ್ ತಿರುಗಿದರೂ ಡ್ರಾಪ್ ಆರ್ಮ್ ಅಲುಗದಿದ್ದರೆ ದೋಷ ಬಾಕ್ಸಿನದು. ಆರ್ಮ್ ಅಲುಗಿ ಟೈರ್ ಅಲುಗದಿದ್ದರೆ ಅವೆರಡರ ನಡುವಿನ ಜೋಡಣೆಗಳಾದ ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್, ಟೈ ರಾಡ್ ಎಂಡ್ ನೋಡಬೇಕು. ಜೀಪಿನಲ್ಲಿ ಬೆಲ್ ಕ್ರ್ಯಾಂಕ್ ಸವೆಯುವುದು ಬಹಳ ಸಾಮಾನ್ಯ. ಬಾಕ್ಸೇ ಇಡಿಯಾಗಿ ಅಲುಗುತ್ತಿದ್ದರೆ ಬೋಲ್ಟ್ ಸಡಿಲವಾಗಿರಬೇಕು, ಇಲ್ಲವೇ ಅದು ಕೂತಿರುವ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿರಬೇಕು. ಕೆಸರು ತೊಳೆಯದೆ ಆ ಬಿರುಕು ಕಾಣುವುದಿಲ್ಲ.

ಬಾಕ್ಸೇ ಸವೆದಿದ್ದರೆ ಪೂರ್ತಿ ಮಾಡಿಸಿ. ಹೊಸ ಸೆಕ್ಟರ್ ಶಾಫ್ಟ್, ಅದು ಕೂರುವ ಬುಷ್, ಸೀಲ್, ವರ್ಮಿನ ಎರಡೂ ಬೇರಿಂಗ್. ಬುಷ್ ಸವೆದಿರುವಾಗ ಬರೀ ಸೀಲ್ ಬದಲಿಸಿದರೆ ಸೋರುವುದು ನಿಲ್ಲುವುದಿಲ್ಲ, ಶಾಫ್ಟ್ ಆಡುತ್ತಲೇ ಇರುತ್ತದೆ. ಬುಷ್ ಕೂರಿಸಿದ ಮೇಲೆ ರೀಮರ್ ಹಾಕಿಸಿ ಅದರ ತೂತು ಅಳತೆಗೆ ತನ್ನಿ, ಶಾಫ್ಟ್ ಕೈಯಲ್ಲೇ ತಿರುಗುವಂತಿರಬೇಕು. ವರ್ಮಿನ ನಡುಭಾಗದಲ್ಲಿ ಉಗುರು ಆಡಿಸಿ ನೋಡಿ. ಗುಳಿ ತಾಗಿದರೆ ಅದನ್ನೂ ಬದಲಿಸಿ. ಜೋಡಿಸುವಾಗ ಮೊದಲು ಶಿಮ್ (ಕವರಿನ ಅಡಿಯ ತೆಳು ತಗಡು) ತೆಗೆದು ವರ್ಮಿನ ಮೇಲೆ-ಕೆಳಗಿನ ಆಟ ನಿಲ್ಲಿಸಬೇಕು, ಆಮೇಲೆಯೇ ಪಕ್ಕದ ಸ್ಕ್ರೂ. ಅದೂ ಡ್ರ್ಯಾಗ್ ಲಿಂಕ್ ಬಿಚ್ಚಿಟ್ಟು, ಸ್ಟೀರಿಂಗ್ ವೀಲ್ ಸರಿಯಾಗಿ ನಡುವಿನಲ್ಲಿದ್ದಾಗ. ಕೊನೆಗೆ 90 ನಂಬರ್ ಗೇರ್ ಆಯಿಲ್.

ಅಂಗಡಿಯಲ್ಲಿ ಶಾಫ್ಟ್ ಕೊಳ್ಳುವಾಗ ಜೇಬಿನಲ್ಲಿ ಸಣ್ಣ ಅರ ಇಟ್ಟುಕೊಂಡು ಹೋಗಿ. ಒಳ್ಳೆ ಪಿನ್ ಮೇಲೆ ಅರ ಜಾರುತ್ತದೆ. ಕಚ್ಚಿ ಪುಡಿ ಬಂದರೆ ಅದು ಡೂಪ್ಲಿಕೇಟ್, ಹಾಕಿದರೂ ಬೇಗ ಸವೆಯುತ್ತದೆ. ಹೌಸಿಂಗ್, ಅಂದರೆ ಬಾಕ್ಸಿನ ಹೊರಕವಚ ಒಡೆದಿದ್ದರೆ ಮಾತ್ರ ಇಡೀ ಬಾಕ್ಸ್ ಬದಲಿಸಿ. ಹಳೆ ಹೌಸಿಂಗ್ ಚೆನ್ನಾಗಿದ್ದರೆ ಗುಜರಿಗೆ ಹಾಕಲೇಬೇಡಿ, ಅಂಥ ಎರಕ ಈಗಿನ ಡೂಪ್ಲಿಕೇಟ್ ಬಾಕ್ಸ್‌ಗಳಲ್ಲಿ ನಾನು ಕಂಡಿಲ್ಲ.

ಸಾರಿಗೆ ಇಲಾಖೆಯವರಿಗೂ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೀರಿಂಗ್ ವೀಲಿನಲ್ಲಿ 30 ಡಿಗ್ರಿಗಿಂತ ಜಾಸ್ತಿ ಪ್ಲೇ ಇರಕೂಡದು. 17 ಇಂಚಿನ ವೀಲಿನ ಅಂಚಿನಲ್ಲಿ ಅಳೆದರೆ ಅದು ಸುಮಾರು ನಾಲ್ಕೂವರೆ ಇಂಚು. ಘಾಟಿ ರಸ್ತೆಗೆ ಅಷ್ಟು ಪ್ಲೇ ನನ್ನ ಲೆಕ್ಕದಲ್ಲಿ ಬಹಳವೇ ಆಯಿತು, ಆದರೆ ಕಾನೂನಿನ ಮಿತಿ ಅದು. ಖಾಸಗಿ ಗಾಡಿಗೆ 15 ವರ್ಷವಾದ ಮೇಲೆ ನೋಂದಣಿ ನವೀಕರಿಸಲು ತರುತ್ತಾರಲ್ಲ, ಆಗ ಇದನ್ನು ಅಳೆಯಲು ಯಂತ್ರವೇನೂ ಬೇಡ. ಟೈರ್ ನೆಟ್ಟಗಿಟ್ಟು ವೀಲಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಟೈರ್ ಅಲುಗುವವರೆಗೆ ಎಡಕ್ಕೆ, ಬಲಕ್ಕೆ ತಿರುಗಿಸಿ ಟೇಪ್ ಹಿಡಿದರೆ ಸಾಕು. ಮಲೆನಾಡು, ಕೊಡಗಿನ ಆರ್‌ಟಿಒ ಕಚೇರಿಗಳಲ್ಲಾದರೂ ಪ್ರತಿ ಹಳೆ ಜೀಪಿಗೆ ಈ ಪರೀಕ್ಷೆ ಮಾಡಿ, ಅಳತೆಯನ್ನು ತಪಾಸಣೆ ಕಾಗದದಲ್ಲಿ ಬರೆದುಕೊಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಜೀಪ್ ಮೆಕ್ಯಾನಿಕ್, ಮೂಡಿಗೆರೆ