ಕೊಟ್ಟಿಗೆಯಿಂದ ಜಾತ್ರೆವರೆಗೆ

ಈ ಸಲ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಒಂದು ಕೆನೆ ಬಣ್ಣದ ಫಿಯಟ್ ಕಾರು ನೋಡಿ "ಇದು ಇನ್ನೂ ಓಡ್ತದಾ?" ಅಂತ ಕೇಳಿದವರು ಬಹಳ ಜನ. ಓಡ್ತದೆ. ಅದು ನಮ್ಮನೆ ಕಾರು. ಹದಿಮೂರು ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಎಬ್ಬಿಸಲು ಎರಡು ವರ್ಷ, ಎರಡು ಪೂರಾ ಮಳೆಗಾಲ ಬೇಕಾಯಿತು. ಜಾತ್ರೆ ಗದ್ದಲದಲ್ಲಿ ಸಿಕ್ಕವರಿಗೆಲ್ಲ ಸುಮ್ನೆ ನಕ್ಕು ಕೈ ಮುಗಿದು ಬಂದೆ. ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ಅಮ್ಮ.

ಊರಲ್ಲಿ ಎಲ್ಲರೂ ಫಿಯಟ್ ಅನ್ನುತ್ತಾರೆ. ಕಾಗದದಲ್ಲಿ ಅದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಕಾರನ್ನೇ ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯವರು ಇಲ್ಲಿ ಮಾಡುತ್ತಿದ್ದರು. 1974ರಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ನಮ್ಮದು 1984ರ ಮಾಡೆಲ್. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಂದಿದ್ದು. ಆಮೇಲೆ 2010ರಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿತು. ಕ್ಲಚ್ ಒತ್ತಲು ಆಗದ ಮೇಲೆ ಗಾಡಿ ಕೊಟ್ಟಿಗೆ ಸೇರಿತು. ನಾನು ಶಿವಮೊಗ್ಗದಲ್ಲಿ ಕೆಲಸ ಹಿಡಿದು ಬೈಕಿನಲ್ಲಿ ತಿರುಗುತ್ತಿದ್ದೆ, ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಗುಜರಿಯವರು ಮೂರು ಸಲ ಬಂದಿದ್ದರಂತೆ. ಕೊನೆಯವನು ಹದಿನೆಂಟು ಸಾವಿರಕ್ಕೆ ಕೇಳಿದ. ಅಮ್ಮ ಹೇಳಿದ್ದು ಒಂದೇ ಮಾತು: "ಓಡಿಸ್ಕಂಡು ಹೋಗೋರಿಗಾದ್ರೆ ಕೊಡ್ತೀನಿ ಮಾರಾಯ, ಒಡೆಯೋರಿಗೆ ಕೊಡಲ್ಲ." 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅಮ್ಮ ಆ ಹಾಳೆ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಟ್ಟಿದ್ದಳು. ದೀಪಾವಳಿಗೆ ಹೋದಾಗ ಕೈಗೆ ಕೊಟ್ಟಳು. ಏನೂ ಹೇಳಲಿಲ್ಲ. ಮರುದಿನ ನಾನು ಕೊಟ್ಟಿಗೆ ಬಾಗಿಲು ತೆಗೆದೆ.

ಒಳಗಿನ ಅವಸ್ಥೆ ಏನು ಹೇಳಲಿ. ಹಿಂದಿನ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಮುಂದಿನ ಸೀಟಿನೊಳಗೆ ಇಲಿಗಳ ಸಂಸಾರ. ಟಯರು ನೆಲಕ್ಕೆ ಅಂಟಿ ಚಪ್ಪಟೆ ಆಗಿದ್ದವು. ಇದೆಲ್ಲ ಗೊತ್ತಿದ್ದದ್ದೇ ಅನ್ನಿ. ನನ್ನ ಎದೆ ಧಸಕ್ ಅಂದಿದ್ದು ಡಿಕ್ಕಿ ತೆಗೆದಾಗ. ಮ್ಯಾಟ್ ಎತ್ತಿದರೆ ಅದರ ಜೊತೆಗೇ ನೆಲದ ತಗಡೂ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಕೊಟ್ಟಿಗೆಯ ನೆಲ ಕಾಣುತ್ತಿತ್ತು! ತೂತಿನ ಅಂಚಿನಲ್ಲಿ ಸಾಮಾನ್ಯ ತುಕ್ಕಿನ ಹಾಗಲ್ಲದ ಒಂದು ಕೆಂಪು ಪೊರೆ. ಉಗುರಿನಲ್ಲಿ ಕೆರೆದರೆ ಮಿಣ್ಣಗೆ ಹೊಳೆಯಿತು.

ಅದು ತಾಮ್ರ ಅಂತ ಹೇಳಿದವರು ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಬೇಕಾದ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಪ್ರತಿ ಮಳೆಗಾಲವೂ ಅವರು ತೀರ್ಥಹಳ್ಳಿಯಿಂದ ತರುತ್ತಿದ್ದದ್ದು ಇದೇ ಡಿಕ್ಕಿಯಲ್ಲಿ. ಜಡಿಮಳೆಯಲ್ಲಿ ಚೀಲ ಒದ್ದೆಯಾಗಿ ಒಸರುತ್ತಿತ್ತು. ತೋಟ ಇದ್ದವರಿಗೆ ಗೊತ್ತಿರುತ್ತದೆ, ತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿದ ಮೇಲೆ ಕತ್ತಿ ಅದ್ದಿ ನೋಡುತ್ತೇವಲ್ಲ, ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ಅದೇ ಪರೀಕ್ಷೆ ನಮ್ಮ ಡಿಕ್ಕಿಯಲ್ಲಿ ಸುಮಾರು ಇಪ್ಪತ್ತು ವರ್ಷ ನಡೆದಿದೆ. ತುತ್ತ ಕಬ್ಬಿಣ ತಿಂದು ತಾಮ್ರ ಬಿಟ್ಟು ಹೋಗಿತ್ತು. ತೋಟ ಉಳಿಯಿತು, ಡಿಕ್ಕಿ ಹೋಯಿತು.

ಆ ತೂತಿಗೆ ಹೊಸ ಶೀಟ್ ಹಾಕಿಕೊಟ್ಟವರು ನಮ್ಮ ಪಕ್ಕದೂರಿನ ವೆಲ್ಡಿಂಗ್ ಅಣ್ಣ. ಗೇಟು, ಗ್ರಿಲ್ಲು ಮಾಡುವವರು, ಕಾರು ಮುಟ್ಟಿದ್ದು ಅದೇ ಮೊದಲು. ಅವರಿಗೆ ಜೀವಮಾನ ಪೂರ್ತಿ ಋಣಿ ಅಂದರೂ ಕಮ್ಮಿಯೇ. ಬಂದವರೇ ಮೊದಲು ಕೇಳಿದ್ದು "ಪೆಟ್ರೋಲ್ ಟ್ಯಾಂಕ್ ಎಲ್ಲಿದೆ?" ಅಂತ. "ಡಿಕ್ಕಿಯಲ್ಲೇ, ಆದ್ರೆ ಖಾಲಿ ಇದೆ ಅಣ್ಣಾ, ಒಣಗಿ ಹತ್ತು ವರ್ಷ ಆಯ್ತು" ಅಂದೆ. ಅವರು ವೆಲ್ಡಿಂಗ್ ಟಾರ್ಚು ಕೆಳಗಿಟ್ಟರು. "ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಸಿಡಿಯೋದು. ಒಳಗೆ ಪೆಟ್ರೋಲ್ ಹಬೆ ಕೂತಿರ್ತದೆ. ಬಿಚ್ಚಿ ಅಂಗಳದಾಚೆ ಇಡಿ, ಆಮೇಲೆ ನನ್ನ ಕರೀರಿ." ಎರಡು ವಾರ ಬಿಟ್ಟು ಬಂದರು. ಆ ಟ್ಯಾಂಕಿನ ಮುಚ್ಚಳ ತೆಗೆದಾಗ ಹಳಸಿದ ಪೆಟ್ರೋಲಿನ ನಾತ ಬಚ್ಚಲಮನೆವರೆಗೂ ಬಂದಿತ್ತು. ನಾನು ಒಬ್ಬನೇ ಇದ್ದಿದ್ದರೆ? ಪಕ್ಕದಲ್ಲೇ ಒಣಹುಲ್ಲಿನ ಅಟ್ಟ ಬೇರೆ.

ಆಮೇಲೆ ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಹಿರಿಯ ಮೆಕ್ಯಾನಿಕ್, ನಮ್ಮ ಉಸ್ತಾದರು. ಇವರ ಬಗ್ಗೆ ಬರೆಯುತ್ತ ಹೋದರೆ ಮುಗಿಯುವುದಿಲ್ಲ. ಹರೆಯದಲ್ಲಿ ಬರೀ ಫಿಯಟ್ ಮತ್ತು ಅಂಬಾಸಿಡರ್ ಬಿಚ್ಚಿದವರು. ಈಗ ಮಗ ಗ್ಯಾರೇಜು ನೋಡಿಕೊಳ್ಳುತ್ತಾನೆ, ಇವರು ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಎಂಜಿನ್ ಜಾಮ್ ಆಗಿದೆ, ಫ್ಯಾನ್ ತಿರುಗಿಸಿದರೆ ಅಲುಗುತ್ತಿಲ್ಲ ಅಂತ ಫೋನ್ ಮಾಡಿದೆ. "ಕೈಯಲ್ಲಿ ಏನಿದೆ?" ಅಂದರು. ಸುತ್ತಿಗೆ ಅಂದೆ. "ಮೊದಲು ಅದನ್ನ ಕೆಳಗಿಡಿ" ಅಂದರು. ನಾಲ್ಕೂ ಪ್ಲಗ್ ಬಿಚ್ಚಿ, ತೂತಿನಲ್ಲಿ ಡೀಸೆಲ್ಲು ಮತ್ತು ಎಂಜಿನ್ ಆಯಿಲ್ ಬೆರೆಸಿ ಬಿಟ್ಟು, ಎಂಟು ದಿನ ಆ ಕಡೆ ಹೋಗಬೇಡಿ ಅಂದರು. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಹಿಂದೆ ಮುಂದೆ ತೂಗಬೇಕು, ತೊಟ್ಟಿಲು ತೂಗಿದ ಹಾಗೆ. ಮೂರನೇ ವಾರ ತೋಟದ ಕೆಲಸದವರು ಇಬ್ಬರನ್ನು ಸೇರಿಸಿಕೊಂಡು ತೂಗುತ್ತಿದ್ದಾಗ ಒಳಗೆ ಎಲ್ಲೋ 'ಕಟ್' ಅಂತ ಒಂದು ಸಣ್ಣ ಸದ್ದು. ಫ್ಯಾನ್ ಅರ್ಧ ಸುತ್ತು ತಿರುಗಿತು. ನಾವು ಮೂವರೂ ಕುಣಿದೆವು. ಇವರಿಗೆ ಏನಾಯ್ತಪ್ಪ ಅಂತ ದನ ನೋಡುತ್ತಿದ್ದವು.

ತಿರುಗಿದ ತಕ್ಷಣ ಓಡುವುದಿಲ್ಲ, ಅದು ಬೇರೆ ಮಾತು. ಕಾರ್ಬೋರೇಟರ್ ತೊಳೆದು, ಪೆಟ್ರೋಲ್ ಪಂಪಿನ ಡಯಾಫ್ರಂ, ಪೈಪು ಎಲ್ಲ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ, ಹಳೇ ಕಾಲದ ರಬ್ಬರ್ ತಡೆಯುವುದಿಲ್ಲ. ಇಂಥ ಗಾಡಿ ಎಬ್ಬಿಸುವವರು ಪೈಪು ಚೆನ್ನಾಗೇ ಕಂಡರೂ ಬದಲಿಸಿಬಿಡಿ. ಎಲ್ಲ ಆದ ಮೇಲೆ ಒಂದು ಭಾನುವಾರ ಸ್ಟಾರ್ಟರ್ ಒತ್ತಿದೆ. ಢಂ! ಸೈಲೆನ್ಸರಿನಿಂದ ಬೆಂಕಿ. ಪಕ್ಕದ ಮನೆ ಚಿಕ್ಕಪ್ಪ ಓಡಿ ಬಂದು "ಮಂಗ ಎಷ್ಟು ಬಂದಾವೆ?" ಅಂತ ಕೇಳಿದರು. ತೋಟದ ಮಂಗ ಓಡಿಸಲು ಗರ್ನಾಲು ಹೊಡೆದದ್ದು ಅಂದುಕೊಂಡರಂತೆ. ಉಸ್ತಾದರಿಗೆ ಫೋಟೋ ಕಳಿಸಿದೆ. ಉತ್ತರ ಬಂತು: "ಪ್ಲಗ್ ವಯರ್ ಒಂದು ಎರಡು ಮೂರು ನಾಲ್ಕು ಅಂತ ಸಾಲಾಗಿ ಹಾಕಿದ್ದೀರಿ. ಒಂದು ಮೂರು ನಾಲ್ಕು ಎರಡು. ಶಾಲೆ ಲೆಕ್ಕ ಅಲ್ಲ ಇದು."

ಪಾಯಿಂಟ್ ಸೆಟ್ ಮಾಡಲು, ಅಂದರೆ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚಿನ ಸಂದು ಸರಿ ಮಾಡಲು, ಅವರೇ ಬಂದರು. ಬಸ್ಸಿನಲ್ಲಿ, ಶಿವಮೊಗ್ಗದಿಂದ, ಆ ವಯಸ್ಸಿನಲ್ಲಿ. ನಾನು ಸಂದು ಅಳೆಯುವ ಹೊಸ ಫೀಲರ್ ಗೇಜ್ ತಂದು ಇಟ್ಟಿದ್ದೆ. ಅವರು ನೋಡಿ ನಕ್ಕು, ಜೇಬಿನಿಂದ ಹಳೇ ವಿಸಿಟಿಂಗ್ ಕಾರ್ಡ್ ತೆಗೆದರು. ಪಾಯಿಂಟಿನ ಮಧ್ಯೆ ಅದನ್ನು ಇಟ್ಟು, ಸ್ಕ್ರೂ ಬಿಗಿ ಮಾಡಿ, ಮೆತ್ತಗೆ ಎಳೆದರು. ಕಾರ್ಡು ಹಿಡಿದೂ ಹಿಡಿಯದ ಹಾಗೆ ಜಾರಿ ಬಂತು. "ಇಷ್ಟೇ" ಅಂದರು. ಆಮೇಲೆ ನಾನು ಗೇಜ್ ಹಾಕಿ ನೋಡಿದೆ. ಸರಿಯಾಗೇ ಇತ್ತು. ಚೋಕ್ ಎಳೆದು ಸ್ಟಾರ್ಟರ್ ಒತ್ತಿದರೆ ಎರಡನೇ ಸಲಕ್ಕೆ ಹಿಡಿಯಿತು. ದುಡ್ಡು ಅಂದರೆ ಬಸ್ ಚಾರ್ಜು ಮಾತ್ರ ತೆಗೆದುಕೊಂಡರು. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದಳು.

ಭದ್ರಾವತಿಯ ದೊಡ್ಡಪ್ಪನ ಹತ್ತಿರ ಬೈಸಿಕೊಂಡಷ್ಟು ನಾನು ಯಾರ ಹತ್ತಿರವೂ ಬೈಸಿಕೊಂಡಿಲ್ಲ. ಅವರು ಕಬ್ಬಿಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ರಿಟೈರ್ ಆದವರು. 1923ರಲ್ಲಿ ಶುರುವಾದ ಕಾರ್ಖಾನೆ, ಈಗ ಮುಚ್ಚುತ್ತಾರೆ, ಇಲ್ಲ ಮುಚ್ಚುವುದಿಲ್ಲ ಅನ್ನುವ ಮಾತು ಕೇಳಿ ಕೇಳಿ ಅವರಿಗೆ ಬೇಜಾರಾಗಿದೆ. ಮುಂದಿನ ಚಕ್ರ ಅತ್ತಿತ್ತ ತಿರುಗುವ ಕೀಲಿನ, ಅಂದರೆ ಕಿಂಗ್ ಪಿನ್ನಿನ, ಬುಷ್ ಎಲ್ಲೂ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಇಡೀ ದಿನ ಅಲೆದೆ, ಸಿಕ್ಕಿದ್ದು ಅಳತೆಗೆ ಕೂರಲಿಲ್ಲ. ದೊಡ್ಡಪ್ಪ ಹಳೇ ಬುಷ್ ಬೆರಳಲ್ಲಿ ತಿರುಗಿಸಿ ನೋಡಿ, ಪರಿಚಯದವರ ಲೇತಿನಲ್ಲಿ ಕೂತು ಗನ್‌ಮೆಟಲ್‌ನಲ್ಲಿ ನಾಲ್ಕು ಬುಷ್ ಕಡೆದು ಕೊಟ್ಟರು. ನಾನು ಒಂದನ್ನು ಸುತ್ತಿಗೆಯಿಂದ ಬಡಿದು ಕೂರಿಸಲು ಹೋಗಿ ಹಾಳು ಮಾಡಿದೆ. (ಹೌದು, ಮತ್ತೆ ಸುತ್ತಿಗೆ.) ಐದನೆಯದನ್ನು ಕೊಡುವಾಗ ಅವರು ಹೇಳಿದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಪೇಂಟರ್ ಹತ್ತಿರ ಕ್ಷಮೆಯನ್ನೂ ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಸುದ್ದಿ ಎತ್ತಬೇಡಿ ಅಂತ ಅವರು ಮೊದಲೇ ಹೇಳಿದ್ದರು. ನಾನು ಹಟ ಮಾಡಿ ಆಷಾಢದಲ್ಲಿ ಒಂದು ಬಾಗಿಲಿಗೆ ಹೊಡೆಸಿದೆ. ಗಾಳಿಯಲ್ಲಿ ಅಷ್ಟು ತೇವ. ಒಣಗುವಾಗ ಬಣ್ಣದ ಮೇಲೆ ಬೂಸ್ಟು ಹಿಡಿದ ಹಾಗೆ ಬಿಳಿ ಪದರ ಬಂತು. ಪೂರ್ತಿ ಉಜ್ಜಿ ದೀಪಾವಳಿ ಕಳೆದ ಮೇಲೆ ಮತ್ತೆ ಹೊಡೆದರು. "ನಾನು ಹೇಳಿದ್ದೆ ಅಲ್ವಾ" ಅಂತ ಒಂದು ಸಲವೂ ಅನ್ನಲಿಲ್ಲ. ಅವರ ದೊಡ್ಡತನ.

ಬೇಜಾರಿನ ಸಂಗತಿ ಒಂದಿದೆ, ಬೇಗ ಹೇಳಿ ಮುಗಿಸುತ್ತೇನೆ. ಒರಿಜಿನಲ್ ಅಂತ ಹೇಳಿ ಕೊಟ್ಟ ಬ್ರೇಕ್ ರಬ್ಬರ್ ಕಿಟ್ ಒಂದೇ ತಿಂಗಳಿಗೆ ಸೋರಿತು. ಅಂಗಡಿ ಹೆಸರು ಬೇಡ. ಆದರೆ ಅದರಿಂದಲೇ ಒಂದು ಒಳ್ಳೆಯದೂ ಆಯಿತು.

ಹೊಸ ಕಿಟ್ ಹಾಕಿ ಬ್ರೇಕ್ ಲೈನಿನ ಗಾಳಿ ತೆಗೆಯಬೇಕಿತ್ತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ನಿಪ್ಪಲ್ ಬಿಚ್ಚಬೇಕು. ಅವತ್ತು ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪಯ್ಯ ಕೋಲು ಊರಿಕೊಂಡು ಬಂದು ನಿಂತು, "ಬ್ರೇಕು ಬಲಗಾಲಲ್ಲಿ ಅಲ್ವನಾ ಒತ್ತೋದು?" ಅಂದರು. ನಾನು ಬಾಗಿಲು ತೆಗೆದು ಹಿಡಿದೆ. ಹದಿನೈದು ವರ್ಷದ ಮೇಲೆ ಅವರು ಆ ಸೀಟಿನಲ್ಲಿ ಕೂತದ್ದು. ಮೊದಲು ಕನ್ನಡಿ ಸರಿ ಮಾಡಿಕೊಂಡರು. ಗಾಡಿ ಜಾಕಿಯ ಮೇಲಿತ್ತು, ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಕೊಟ್ಟಿಗೆಯ ಗೋಡೆ.

ನಾನು ಹಿಂದಿನ ಚಕ್ರದ ಕೆಳಗಿನಿಂದ ಕೂಗಿದೆ. ಒತ್ತಿ. ಹಿಡ್ಕಳಿ. ನಿಪ್ಪಲ್ ಬಿಚ್ಚಿದರೆ ಬಾಟಲಿಯಲ್ಲಿ ಗುಳುಗುಳು ಗುಳ್ಳೆ. ಮುಚ್ಚಿದೆ. ಬಿಡಿ. ಮತ್ತೆ ಒತ್ತಿ. ನಾಲ್ಕು ಚಕ್ರಕ್ಕೂ ಸೇರಿ ಎಷ್ಟು ಸಲ ಒತ್ತಿದರೋ, ಲೆಕ್ಕ ಇಟ್ಟಿಲ್ಲ. ಮಧ್ಯದಲ್ಲಿ ನನಗೇ ಕೈ ಸೋತು "ಸಾಕಾ ಅಪ್ಪಯ್ಯ, ಕಷಾಯ ಕುಡಿಯಾಣ" ಅಂದೆ. "ಪೆಡಲ್ ಇನ್ನೂ ಮೆತ್ತಗಿದೆ" ಅಂದರು, ಇಳಿಯಲಿಲ್ಲ. ಪೆಡಲ್ ಗಟ್ಟಿಯಾಗುವ ಹೊತ್ತಿಗೆ ಕತ್ತಲಾಗಿತ್ತು.

ಆರ್.ಸಿ. (ನೋಂದಣಿ) ಮತ್ತು ಎಫ್.ಸಿ. (ಫಿಟ್‌ನೆಸ್) ಕೆಲಸ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಚಾಸಿ ನಂಬರಿನ ಮೇಲೆ ಪೇಂಟ್ ಕೂರದ ಹಾಗೆ ಮೊದಲೇ ಟೇಪ್ ಹಚ್ಚಿಸಿ ಅಂತ ಆರ್‌ಟಿಒ ಕಚೇರಿಯ ಹೊರಗೆ ಸಿಕ್ಕ ಒಬ್ಬ ಹಿರಿಯರು ಹೇಳಿದ್ದರು. ಪೆನ್ಸಿಲ್ ಉಜ್ಜಿ ನಂಬರ್ ತೆಗೆಯುವಾಗ ಅವರ ನೆನಪಾಯಿತು. ಅವರು ಯಾರು ಅಂತಲೂ ಗೊತ್ತಿಲ್ಲ. ಓದುತ್ತಿದ್ದರೆ ನಮಸ್ಕಾರ.

ಹೆಂಡತಿಗೆ ಮತ್ತು ಮಗಳಿಗೆ ಎದುರಿಗೇ ಹೇಳಿದ್ದೇನೆ. ಎರಡು ವರ್ಷದ ಶನಿವಾರ, ಭಾನುವಾರಗಳ ಲೆಕ್ಕ ಅವರ ಹತ್ತಿರ ಇದೆ. ದುಡ್ಡಿನ ಲೆಕ್ಕ ನನ್ನ ಹತ್ತಿರ ಇದೆ. ಅದನ್ನು ಅಮ್ಮನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಜಾತ್ರೆಗೆ ಹೊರಟ ದಿನ ಅಪ್ಪಯ್ಯ ಮುಂದೆ, ನನ್ನ ಎಡಕ್ಕೆ ಕೂತರು. ಅಮ್ಮ, ಹೆಂಡತಿ, ಮಗಳು ಹಿಂದೆ. ಮನೆಯಿಂದ ಮೇಲಿನ ರಸ್ತೆಗೆ ಒಂದು ದರೆ ಹತ್ತಬೇಕು. ಅಲ್ಲಿ ಗೇರ್ ಇಳಿಸಲು ಕ್ಲಚ್ ಒತ್ತಿದೆ. ನನ್ನ ಕೈ ಸ್ಟೇರಿಂಗ್ ಬಿಡುವ ಮೊದಲೇ ಅಪ್ಪಯ್ಯನ ಬಲಗೈ ಗೇರ್ ಮೇಲಿತ್ತು. ಸೆಕೆಂಡಿಗೆ ಹಾಕಿದರು. ಒಂದು ಚೂರೂ ಕಿರ್ ಅನ್ನಲಿಲ್ಲ. ನಾನು ಏನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ದರೆ ಹತ್ತಿದ ಮೇಲೆ ಮತ್ತೆ ಕ್ಲಚ್ ಒತ್ತಿದೆ, ಥರ್ಡಿಗೆ ಹಾಕಿದರು. ತೀರ್ಥಹಳ್ಳಿವರೆಗೂ ಹಾಗೇ ಹೋದೆವು. ಹಿಂದೆ ಅಮ್ಮ ಮಾತು ನಿಲ್ಲಿಸಿದ್ದಳು.

ಕೆಲಸ ಇನ್ನೂ ಮುಗಿದಿಲ್ಲ. ವೈಪರ್ ಮೋಟರ್ ಸುಟ್ಟು ಹೋಗಿದೆ, ಬಿಚ್ಚಿ ಇಟ್ಟಿದ್ದೇನೆ. ನಮ್ಮ ಕಡೆ ವೈಪರ್ ಇಲ್ಲದೆ ಜೂನ್ ದಾಟಲು ಆಗುತ್ತದಾ? ಯಾರ ಮನೆ ಅಟ್ಟದಲ್ಲಾದರೂ ಪದ್ಮಿನಿಯದ್ದು ಒಂದು ಬಿದ್ದಿದ್ದರೆ ಹೇಳಿ. ಕೆಟ್ಟಿದ್ದರೂ ಪರವಾಗಿಲ್ಲ, ಉಸ್ತಾದರು ಇದ್ದಾರೆ.