ಬೇಲಿಯೊಳಗಿನ ಒಂಟಿ ಮರ

ಮರಬಾ, ಪಾರಾ ರಾಜ್ಯ, ಬ್ರೆಜಿಲ್

ಅಪ್ಪಾ, ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಮ್ಮನಿಗೆ ಮೊದಲು ಅದನ್ನು ಹೇಳಿಬಿಡಿ. ಹೋದ ವಾರ ಫೋನಿನಲ್ಲಿ "ಅಮೆಜಾನ್ ಕಾಡು ಹೇಗಿದೆ?" ಅಂತ ಕೇಳಿದಿರಿ. ಲೈನು ಸರಿಯಿರಲಿಲ್ಲ, ಸುಮ್ನೆ ಹೂಂ ಅಂದೆ. ನಿಜ ಹೇಳಬೇಕು ಅಂದರೆ, ನಾನು ಕಾಡಿಗಿಂತ ಜಾಸ್ತಿ ನೋಡಿದ್ದು ದನಗಳನ್ನು.

ಕೆಲಸದ ಮೇಲೆ ಸಾವೊ ಫೆಲಿಕ್ಸ್ ದೊ ಶಿಂಗು ಕಡೆಗೆ ಹೋಗಿದ್ದೆ. ಇಡೀ ದಿನ ಕಿಟಕಿಯಲ್ಲಿ ಹುಲ್ಲು, ಬೇಲಿ, ಬಿಳಿ ದನ. ಆ ಒಂದೇ ಮುನಿಸಿಪಾಲಿಟಿಯಲ್ಲಿ (ಇಲ್ಲಿ ಅದು ಬರೀ ಪಟ್ಟಣವಲ್ಲ, ಸುತ್ತಲಿನ ಹಳ್ಳಿಗಾಡೂ ಸೇರಿದ್ದು) 20 ಲಕ್ಷಕ್ಕಿಂತ ಜಾಸ್ತಿ ದನಗಳಿವೆ. ದೇಶದಲ್ಲಿ ಬೇರೆಲ್ಲೂ ಅಷ್ಟಿಲ್ಲ. ಹಿಣಿಲು, ಗಂಗೆದೊಗಲು ನೋಡಿದ ಕೂಡಲೇ ಗುರುತು ಸಿಕ್ಕಿತು. ತಳಿಯ ಹೆಸರು ನೆಲೊರೆ, ಅಂದರೆ ನಮ್ಮ ನೆಲ್ಲೂರು. ಆ ಕಡೆಯ ಓಂಗೋಲ್ ದನಗಳನ್ನು ನೂರು ವರ್ಷಕ್ಕೂ ಹಿಂದೆಯೇ ಹಡಗಿನಲ್ಲಿ ತಂದಿದ್ದರು. ಬಿಸಿಲು, ಉಣ್ಣಿ ಹುಳದ ಕಾಟ ಎಲ್ಲ ತಡೆದುಕೊಳ್ಳುತ್ತವೆ. ಅವನ್ನು ನೋಡಿ ಖುಷಿಯಾಯಿತು ಅಪ್ಪಾ. ಅವು ನಿಂತ, ಕಾಡು ಕಡಿದ ನೆಲ ನೋಡಿ ಸಂಕಟವೂ ಆಯಿತು.

ಒಂದು ಕಡೆ ಕಾರು ನಿಲ್ಲಿಸಿದೆವು. ಹುಲ್ಲುಗಾವಲಿನ ಮಧ್ಯೆ ಒಂದೇ ಒಂದು ಕಸ್ತಾನ್ಯ ಮರ. ಬ್ರೆಜಿಲ್ ನಟ್ ಬರುತ್ತದಲ್ಲ, ಅದರ ಮರ. ಕಂಬದ ಹಾಗೆ ನೆಟ್ಟಗೆ ಹೋಗಿ ತುದಿಯಲ್ಲಿ ಮಾತ್ರ ಕೊಡೆಯಂತೆ ಹರಡಿತ್ತು. ಬುಡದಲ್ಲಿ ತೊಗಟೆ ಕಪ್ಪಗೆ ಸುಟ್ಟಿತ್ತು, ಮುಟ್ಟಿದರೆ ಕೈಗೆ ಮಸಿ. ಈ ಮರ ಕಡಿಯಬಾರದು ಅಂತ ಕಾನೂನಿದೆ. ಅದಕ್ಕೇ ಸುತ್ತಲಿನ ಕಾಡೆಲ್ಲ ಬೋಳಿಸಿ ಇದೊಂದನ್ನು ಬಿಟ್ಟಿದ್ದಾರೆ. ಆದರೆ ಅದರ ಹೂವಿನ ಮುಚ್ಚಳ ಎತ್ತಿ ಒಳಗೆ ನುಗ್ಗೋಕೆ ದೊಡ್ಡ ದುಂಬಿಗಳೇ ಬೇಕು. ಅವು ಇರುವುದು ಕಾಡಿನಲ್ಲಿ. ದುಂಬಿ ಬರದಿದ್ದರೆ ಕಾಯಿ ಎಲ್ಲಿಂದ ಕಟ್ಟಬೇಕು? ನಮ್ಮ ಡ್ರೈವರಿನ ತಂದೆ ಈ ಭಾಗದಲ್ಲೇ ಕಾಯಿ ಆರಿಸಿ ಸಂಸಾರ ಸಾಕಿದವರು. ಡ್ರೈವರ್ ಮರದ ಕಡೆ ನೋಡಲೂ ಇಲ್ಲ.

ಇದೆಲ್ಲ ಹೇಗೆ ನಡೆಯುತ್ತದೆ ಅಂತ ದಾರಿಯುದ್ದಕ್ಕೂ ಕೇಳಿದೆ. ಮಳೆ ನಿಂತ ಮೇಲೆ ಮರ ಉರುಳಿಸುತ್ತಾರೆ. ಒಣಗಲು ಬಿಟ್ಟು ಆಗಸ್ಟ್, ಸೆಪ್ಟೆಂಬರಿನಲ್ಲಿ ಬೆಂಕಿ. ಬೂದಿಯ ಮೇಲೆ ಆಫ್ರಿಕಾದ ಹುಲ್ಲಿನ ಬೀಜ. ಸುಮಾರು ಎರಡೂವರೆ ಎಕರೆಗೆ ಒಂದು ದನ, ಅಷ್ಟೇ! ಹಾಗಾದರೆ ಲಾಭ ಎಲ್ಲಿಂದ? ಎಷ್ಟೋ ಕಡೆ ಲಾಭ ಇರುವುದು ಜಾಗದಲ್ಲಿ. ಸರ್ಕಾರಿ ಕಾಡು ಕಡಿದು ದನ ಬಿಟ್ಟರೆ "ಇದು ನನ್ನ ಜಮೀನು" ಅಂತ ತೋರಿಸಬಹುದು. ಇಂಥವರನ್ನು ಗ್ರಿಲೆಯ್ರೊ ಅನ್ನುತ್ತಾರೆ. ಗ್ರಿಲೊ ಅಂದರೆ ಜೀರುಂಡೆ. ಹಿಂದೆ ಸುಳ್ಳು ಪತ್ರಗಳನ್ನು ಜೀರುಂಡೆಗಳ ಜೊತೆ ಪೆಟ್ಟಿಗೆಯಲ್ಲಿಟ್ಟು ಹಳೆಯದಾಗಿ ಕಾಣುವಂತೆ ಮಾಡುತ್ತಿದ್ದರಂತೆ.

ದನಕ್ಕೂ ಸುಳ್ಳು ಜಾತಕ ಇದೆ. ಕಡಿದ ಕಾಡಿನಲ್ಲಿ ಹುಟ್ಟಿದ ಕರುವನ್ನು ಕಾಗದಪತ್ರ ಸರಿಯಿರುವ ಇನ್ನೊಂದು ಫಾರ್ಮಿಗೆ ಸಾಗಿಸುತ್ತಾರೆ. ಅಲ್ಲಿಂದ ಕಸಾಯಿಖಾನೆಗೆ. ಅಲ್ಲಿ ಸಾಮಾನ್ಯವಾಗಿ ನೋಡುವುದು ಕೊನೆಯ ಫಾರ್ಮನ್ನು ಮಾತ್ರ. ಕಾಡು ಕಡಿದು ಬೆಳೆಯುತ್ತಿದ್ದ ಇನ್ನೊಂದು ಬೆಳೆ ಸೋಯಾ. ಅದರ ವಿಷಯದಲ್ಲಿ 2006ರಲ್ಲೇ ವ್ಯಾಪಾರಿಗಳು ಹೊಸದಾಗಿ ಕಡಿದ ಅಮೆಜಾನ್ ನೆಲದ ಬೆಳೆ ಕೊಳ್ಳುವುದಿಲ್ಲ ಅಂತ ಒಪ್ಪಿದ್ದರು. ಆಮೇಲೆ ಸೋಯಾ ಹೆಚ್ಚಾಗಿ ಹಳೆಯ ಹುಲ್ಲುಗಾವಲಿಗೆ ಹೋಯಿತು. ಜಾಗ ಮಾರಿದ ದನದವರು ಇನ್ನೂ ಒಳಗಿನ ಕಾಡಿಗೆ ಹೋದದ್ದೂ ಉಂಟು.

ತಡೆಯೋಕೆ ಆಗುವುದೇ ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. 2004ರಲ್ಲಿ ಬ್ರೆಜಿಲ್ 27,000 ಚದರ ಕಿಲೋಮೀಟರಿಗಿಂತ ಜಾಸ್ತಿ ಅಮೆಜಾನ್ ಕಾಡು ಕಳೆದುಕೊಂಡಿತ್ತು. ಉಪಗ್ರಹದಿಂದ ಕಣ್ಣಿಟ್ಟರು, ದಂಡ ಹಾಕಿದರು, ಕಾನೂನು ಮೀರಿದವರಿಗೆ ಸಾಲ ನಿಲ್ಲಿಸಿದರು. 2012ಕ್ಕೆ ಅದು 4,600ರ ಆಸುಪಾಸಿಗೆ ಇಳಿಯಿತು. ಹಿಡಿತ ಸಡಿಲವಾದಾಗ, 2021ರಲ್ಲಿ, ಮತ್ತೆ 13,000. ಆ ಅಂಕಿ ನೋಡಿದ ದಿನ ನನಗೆ ಸಿಟ್ಟು ಬಂತು. ದಾರಿ ಗೊತ್ತಿದ್ದೂ ಬಿಟ್ಟರಲ್ಲ!

ವಾಪಸ್ ಬರುವಾಗ ಡ್ರೈವರ್ ಮನೆಗೆ ಕರೆದರು. ಅವರ ತಂದೆ ಒಂದು ಹಳೆಯ ಕಸ್ತಾನ್ಯ ಚಿಪ್ಪು ಕೊಟ್ಟರು. ತೆಂಗಿನ ಚಿಪ್ಪಿನಂತೆ ದುಂಡಗೆ, ಅದಕ್ಕಿಂತ ದಪ್ಪ. ಮಚ್ಚಿನ ಏಟಿನ ಗುರುತು ಹಾಗೇ ಇದೆ. ಈಗ ಮೇಜಿನ ಮೇಲಿದೆ. ಡಿಸೆಂಬರಿನಲ್ಲಿ ಬರುವಾಗ ತರುತ್ತೇನೆ.

ನಿಮ್ಮ ಮಗ